ಬಚ್ಚಲ ಕಿಟಕಿ ಮುಚ್ಚಿತ್ತು

ರೇಣುಕಾ, ಆ ದಿನ ಬಚ್ಚಲ ಕಿಟಕಿ ಮುಚ್ಚಿತ್ತು. ಮುಚ್ಚಿದವಳು ನಾನು. ನಿನಗೆ ಮೂರ್ಛೆರೋಗ ಇರಲಿಲ್ಲ — ಅಂದೂ ಇರಲಿಲ್ಲ, ಅದಕ್ಕೆ ಮೊದಲೂ ಇರಲಿಲ್ಲ. ನೀನು ಬಿದ್ದದ್ದು ನಮ್ಮ ಗ್ಯಾಸ್ ಗೀಜರಿನ ಕೆಟ್ಟ ಗಾಳಿ ಕುಡಿದು. ಅದು ನನಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರರು ಕೇಳಿದಾಗ ಕಿಟಕಿ ತೆರೆದಿತ್ತು ಎಂದು ಹೇಳಿದವಳೂ ನಾನೇ.

ಇಷ್ಟನ್ನು ಬರೆಯಲು ನನಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ನಿನ್ನ ಎದುರು ನಿಂತೇ ಹೇಳಬೇಕಾದ ಮಾತಿದು. ಆದರೆ ನನ್ನ ನಾಲಗೆಯ ಗುಣ ನನಗೆ ಗೊತ್ತು — ಎದುರಿಗೆ ಮನುಷ್ಯರಿದ್ದರೆ ಅದು ತನಗೆ ಅನುಕೂಲವಾದ ಕಡೆಗೆ ಹೊರಳುತ್ತದೆ. ಕಾಗದದ ಮೇಲೆ ಅಷ್ಟು ಸುಲಭವಾಗಿ ಹೊರಳಲಾರದು. ಇದನ್ನು ನೀನು ಓದು, ಓದಿದ ಮೇಲೆ ನಿನ್ನ ತಮ್ಮನಿಗೂ ಅವನ ಹೆಂಡತಿಗೂ ಕೊಡು. ನಿನ್ನನ್ನು ಒಲೆಯ ಮುಂದೆ ಕೂರಲು ಬಿಡದವರು, ನಿನ್ನ ಕೈಯಿಂದ ಕೂಸುಗಳನ್ನು ಕಸಿದುಕೊಂಡವರು ಎಲ್ಲರೂ ಓದಲಿ. ಅವರಿಗೂ ತಿಳಿಯಬೇಕಲ್ಲ — ಅದಕ್ಕೇ ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ.

ನಾನು ಮುಂಬೈಯ ಈ ಚೆಂಬೂರಿನ ಮನೆಗೆ ಹಿರಿಯ ಸೊಸೆ, ನೀನು ಕಿರಿಯವಳು. ನಮ್ಮವರು ವಿಕ್ರೋಳಿಯ ಕಾರ್ಖಾನೆಗೆ ಹೋಗುತ್ತಿದ್ದರು. ನಿನ್ನ ಗಂಡ, ನನ್ನ ಮೈದುನ ಬಸವರಾಜ, ಫೋರ್ಟಿನ ಒಂದು ಆಫೀಸಿಗೆ. ಮನೆಯ ಯಜಮಾನಿಕೆ ಅತ್ತೆಯದು, ದುಡಿಮೆ ನನ್ನದು. ನೀನು ಬರುವ ಮೊದಲೇ ಈ ಮನೆಯ ಒಲೆ ಇಡೀ ಬಿಲ್ಡಿಂಗಿಗೆ ಹೆಸರಾಗಿತ್ತು. ವಾರಕ್ಕೊಮ್ಮೆ ಬರ್ನರುಗಳನ್ನು ಹುಣಸೆಹಣ್ಣಿನಲ್ಲಿ ನೆನೆಸಿ ತಿಕ್ಕುತ್ತಿದ್ದೆ, ಒಂದೊಂದು ತೂತಿಗೂ ಪಿನ್ನು ಚುಚ್ಚಿ ಕಸ ತೆಗೆಯುತ್ತಿದ್ದೆ. ಎದುರುಮನೆಯ ಸಾವಂತ ಕಾಕು ತನ್ನ ಸೊಸೆಯನ್ನು ಕರೆತಂದು ತೋರಿಸುತ್ತಿದ್ದಳು: "ಬಘ್, ಹಿಲಾ ಮ್ಹಣತಾತ ಶೇಗಡೀ." ನೋಡು, ಒಲೆ ಅಂದರೆ ಇದು — ಎಂದು. ಆ ಮಾತು ಕೇಳಿ ನಾನು ದಿನವಿಡೀ ಉಬ್ಬಿರುತ್ತಿದ್ದೆ. ಹೆಂಗಸಿಗೆ ಉಬ್ಬಲು ಈ ಊರಿನಲ್ಲಿ ಇನ್ನೇನು ಸಿಗುತ್ತದೆ ಹೇಳು.

ಬಚ್ಚಲಿನ ಗೀಜರನ್ನೂ ಹಾಗೆಯೇ ಉಜ್ಜುತ್ತಿದ್ದೆ. ಸೋಪಿನ ನೀರು, ಆಮೇಲೆ ಒಣ ಬಟ್ಟೆ. ಅದರ ಬಿಳಿ ಮೈಯಲ್ಲಿ ಮುಖ ಕಾಣಬೇಕು. ವರ್ಷಕ್ಕೊಮ್ಮೆ ಬಿಚ್ಚಿ ಸರ್ವಿಸ್ ಮಾಡಿಸಬೇಕೆಂದು ತಂದ ದಿನವೇ ಅಂಗಡಿಯವನು ಹೇಳಿದ್ದ. ನಮ್ಮವರು ಕೇಳಿದಾಗಲೆಲ್ಲ ನನ್ನದು ಒಂದೇ ಉತ್ತರ: "ನಾನಾ ತೊಳದೇನ್ರಿ. ಅದಕ್ಕ ಬ್ಯಾರೆದಾವ್ರು ಯಾಕ ಬೇಕು?" ಒಳಗೆ ಏನಾಗಿದೆ ಎಂದು ನಾನು ಒಂದು ದಿನವೂ ನೋಡಿರಲಿಲ್ಲ. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು — ಈ ಮಾತನ್ನು ನಾನು ಊರ ಮಂದಿಯ ಬಗ್ಗೆ ಎಷ್ಟು ಸಲ ಆಡಿಲ್ಲ!

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ನಿನಗೆ ತವರಿನಲ್ಲಿ ತಾಯಿ ಇರಲಿಲ್ಲ. ಜಮಖಂಡಿಯಲ್ಲಿ ನಿನ್ನಪ್ಪ, ಆಗಿನ್ನೂ ಮದುವೆಯಾಗದ ತಮ್ಮ, ಇಬ್ಬರೇ ಗಂಡಸರು. ಹಾಗಾಗಿ ಬಾಣಂತನ ಇಲ್ಲೇ ಎಂದು ಅತ್ತೆ ತೀರ್ಮಾನಿಸಿದರು. ಆಸ್ಪತ್ರೆಯಿಂದ ಕೂಸನ್ನು ಹೊತ್ತು ಬಂದ ದಿನ ನೀನು ನನ್ನ ಕೈ ಹಿಡಿದು ಹೇಳಿದ ಮಾತು ನಿನಗೆ ನೆನಪಿರಲಿಕ್ಕಿಲ್ಲ. ನನಗೆ ಅದು ಮರೆಯುವಂಥದ್ದಲ್ಲ.

"ನಂಗ ಅವ್ವನ ಜಾಗಾದಾಗ ನೀವ ಅದೀರಿ ಅಕ್ಕಾ."

ಹೂಂ ಎಂದೆ. ಒಳಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ನನ್ನ ಬಾಣಂತನ ಆದದ್ದು ನಾವು ಮೊದಲಿದ್ದ ಕುರ್ಲಾದ ಚಾಳಿನಲ್ಲಿ. ಸಾರ್ವಜನಿಕ ನಲ್ಲಿ, ಒಂದೇ ಖೋಲಿ, ಅದರ ಮೂಲೆಯಲ್ಲೇ ಸ್ನಾನದ ಮೋರಿ. ಇದೇ ಅತ್ತೆ ಆಗ, "ಮುಂಬೈದಾಗ ಬಾಣಂತನ ಗೀಣಂತನ ನಡ್ಯಂಗಿಲ್ಲ" ಎಂದು ನನ್ನ ಮೈಮೇಲೆ ನಾಲ್ಕು ತಂಬಿಗೆ ನೀರು ಸುರಿದು ಎಬ್ಬಿಸಿದ್ದರು. ವಾರ ಕಳೆಯುವುದರೊಳಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಈಗ ನಿನಗೆ ಅಂಟಿನುಂಡೆ, ತಲೆಗೆ ಎಣ್ಣೆ, ಮೈ ತಿಕ್ಕಲು ಮಾಲೀಶಿನ ಬಾಯಿ, ಅಜವಾನದ ಹೊಗೆ, ಕಿವಿಗೆ ಅರಳೆ — "ತಾಯಿ ಇಲ್ಲದ ಹುಡುಗಿ, ಪಾಪ." ಹೌದು, ನೀನು ತಾಯಿ ಇಲ್ಲದವಳು. ಅದರಲ್ಲಿ ನಿನ್ನ ತಪ್ಪೇನು? ಏನೂ ಇಲ್ಲ. ಆದರೂ ನಿನಗೆ ಉಂಡೆ ಕಟ್ಟುವಾಗಲೆಲ್ಲ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು.

ಮೊದಲ ತಿಂಗಳು ನಿನಗೆ ಏನೂ ಆಗಲಿಲ್ಲ. ಏಕೆಂದರೆ ಮಾಲೀಶಿನ ಬಾಯಿ ನಿನಗೆ ನೀರು ಹಾಕುತ್ತಿದ್ದಳು, ಅವಳು ಒಳಗೆ ಹೊರಗೆ ಓಡಾಡುತ್ತಿದ್ದಳು, ಬಾಗಿಲು ತೆರೆದೇ ಇರುತ್ತಿತ್ತು. ಅವಳ ಕೆಲಸ ಮುಗಿದ ಮೇಲೆ ನೀನೇ ಸ್ನಾನ ಮಾಡತೊಡಗಿದೆ. ಬಾಗಿಲಿಗೆ ಚಿಲಕ, ಕಿಟಕಿಯ ಗಾಜಿನ ಪಟ್ಟಿಗಳನ್ನು ಮುಚ್ಚಿ, ಬಿಸಿ ನೀರಿನ ಕೆಳಗೆ ಮೈ ಕೆಂಪಾಗುವ ತನಕ ಕೂರಬೇಕು. ಬಾಣಂತಿಗೆ ಗಾಳಿ ಸೋಕಬಾರದು, ನೀರು ಮಾತ್ರ ಸುಡುಸುಡು ಇರಬೇಕು — ನಮ್ಮ ಅಜ್ಜಿಯರು ಹೇಳಿದ್ದು. ಅವರ ಬಚ್ಚಲಿನಲ್ಲಿ ಹಂಡೆಯ ಕೆಳಗೆ ಕಟ್ಟಿಗೆ ಉರಿಯುತ್ತಿತ್ತು, ಹೆಂಚಿನ ಸಂದಿಯಿಂದ ಹೊಗೆ ಹೋಗುತ್ತಿತ್ತು. ಅವರ ಮಾತನ್ನು ನಾವು ಈ ಡಬ್ಬಿಯಂಥ ಬಚ್ಚಲಿಗೆ ತಂದೆವು.

ಆ ದಿನಗಳಲ್ಲೇ ಗೀಜರು ಹೊತ್ತಿಕೊಳ್ಳುವಾಗ ಢಬ್ ಎಂದು ಸದ್ದು ಮಾಡತೊಡಗಿತು. ಗ್ಯಾಸಿನ ಸಾಮಾನು ರಿಪೇರಿ ಮಾಡುವ ಮೈಬೂಬ ನಿನಗೂ ಗೊತ್ತು — ವಿಜಾಪುರದ ಕಡೆಯವನು, ಬಿಲ್ಡಿಂಗಿನ ಮನೆ ಮನೆಗೂ ಬರುತ್ತಿದ್ದ. ಕರೆಸಿದೆ. ಅತ್ತೆ ಗುಡಿಗೆ ಹೋಗಿದ್ದರು, ನೀನು ಕೂಸಿನ ಜೊತೆ ಮಲಗಿದ್ದೆ. ಮೈಬೂಬ ಮುಚ್ಚಳ ತೆಗೆದು ನೋಡಿ, ನೀರು ಬಿಟ್ಟು ನೋಡಿ, ಸ್ಕ್ರೂಡ್ರೈವರನ್ನು ಜೇಬಿಗೆ ಸೇರಿಸಿದ. ಇನ್ನೊಂದು ಮನೆಗೆ ಹೊತ್ತಾಯಿತೆಂಬ ಗಡಿಬಿಡಿ ಅವನಿಗೆ.

"ಅಕ್ಕಾ, ಉರಿ ಹಳದಿ ಅದ. ನೀಲಿ ಇರಬೇಕು. ಒಳಗ ಮಸಿ ಕಟ್ಟದ. ಬಿಚ್ಚಿ ಒಯ್ದು ತೊಳದು ನಾಡದು ತಂದು ಹಾಕ್ತೀನಿ."

"ಈಗ ಬ್ಯಾಡಪಾ. ಮನ್ಯಾಗ ಬಾಣಂತಿ ಅದಾಳ, ಬಿಸಿನೀರ ಬೇಕಾಕ್ಕಾವು. ಮುಂದಿನ ತಿಂಗಳು ಬಾ."

"ನಿಮ್ಮ ಖುಷಿ. ಖರೆ ಅಲ್ಲೀತನಕ ಖಿಡಕಿ ಮಾತ್ರ ಮುಚ್ಚಬ್ಯಾಡ್ರಿ. ಇದರ ಗಾಳಿ ವಾಸನಿ ಬರಂಗಿಲ್ಲ, ಮನಷ್ಯಾ ಕುಂತಲ್ಲೇ ಬೀಳ್ತಾನ. ಭಾಂಡೂಪದಾಗ ಒಬ್ಬಾಂವ ಬಿದ್ದಿದ್ದ."

ಅವನು ಹೋದ. ನಾನು ಗೀಜರಿನ ಮೇಲೆ ಅವನ ಬೆರಳಿನ ಗುರುತು ಬಿದ್ದಿತ್ತಲ್ಲ, ಅದನ್ನು ಒರೆಸಿದೆ.

ಎರಡು ದಿನ ಗೀಜರು ಇಲ್ಲದಿದ್ದರೆ ಏನಾಗುತ್ತಿತ್ತು? ಪಾತೇಲಿಗಟ್ಟಲೆ ನೀರನ್ನು ಒಲೆಯ ಮೇಲೆ ಕಾಯಿಸಿ ಬಚ್ಚಲಿಗೆ ನಾನು ಹೊರಬೇಕಾಗುತ್ತಿತ್ತು. ಅಷ್ಟೇ. ನಿನ್ನ ಬಾಣಂತನದ ನೀರನ್ನು ನಾನು ಹೊರುವುದೇ ಎಂಬ ಸಿಟ್ಟು. ಅದರ ಜೊತೆಗೆ ಇನ್ನೊಂದು — ಮೈಬೂಬ ಹೀಗೆಂದ ಎಂದರೆ ಅತ್ತೆ ಕೇಳುತ್ತಿದ್ದರು, "ನಾನಾ ತೊಳೀತೀನಿ ಅಂತಿದ್ದಿ, ಮಸಿ ಹೆಂಗ ಕಟ್ಟಿತ?" ಬಿಲ್ಡಿಂಗಿಗೆಲ್ಲ ಹೆಸರಾದವಳ ಮನೆಯಲ್ಲಿ ಮಸಿ! ಒಂದಿಷ್ಟು ಸೋಮಾರಿತನ, ಒಂದಿಷ್ಟು ಜಂಬ. ನಿನ್ನ ಬದುಕು ಹಾಳಾದದ್ದು ಇಷ್ಟಕ್ಕೆ, ರೇಣುಕಾ. ದೊಡ್ಡ ದ್ವೇಷವಿದ್ದಿದ್ದರೆ ಬರೆಯಲು ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಮೈಬೂಬ ಬಂದುಹೋದ ಮೇಲಿನ ಶುಕ್ರವಾರ ನೀನು ತಲೆಸ್ನಾನ ಮಾಡಿ ಹೊರಬಂದವಳು ಗೋಡೆ ಹಿಡಿದು ನಿಂತೆ. "ಅಕ್ಕಾ, ತಲಿ ಸುತ್ತಾಕತ್ತೈತಿ. ಕಾಲಾಗ ಜೀವ ಇಲ್ಲದಂಗ ಆಗೈತಿ" ಎಂದೆ. ನಾನು ಏನೆಂದೆ? "ಬಾಣಂತಿ ಮೈ, ಹಂಗಾ ಆಕ್ಕೈತಿ. ಒಂದು ಉಂಡಿ ತಿಂದು ಮಲ್ಕೋ." ಮೈಬೂಬನ ಮಾತು ಆಗ ನೆನಪಾಗಲಿಲ್ಲ ಎಂದು ಇಲ್ಲಿ ಬರೆದುಬಿಡಬಹುದಿತ್ತು, ಯಾರು ಕೇಳುತ್ತಿದ್ದರು? ನೆನಪಾಗಿತ್ತು. ಚೆನ್ನಾಗಿ ನೆನಪಾಗಿತ್ತು. ಇನ್ನು ಕೆಲವು ದಿನ ತಾನೇ, ಆಮೇಲೆ ಬಿಚ್ಚಿಸಿದರಾಯಿತು ಎಂದುಕೊಂಡೆ.

ಮುಂದಿನ ಶುಕ್ರವಾರ ಬೆಳಿಗ್ಗೆ ಗಾಳಿ ತುಸು ತಣ್ಣಗಿತ್ತು. ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತು, "ಆ ಪಟ್ಟಿ ಸಂದ್ಯಾಗಿಂದ ಗಾಳಿ ಬರಾಕತ್ತೈತಿ, ಏನರ ತುರುಕು ಅದಕ್ಕ" ಎಂದರು. ಅವರಿಗೇನು ಗೊತ್ತು? ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಳಬೇಕಾದವಳು ನಾನು, ನನ್ನ ಕೈಯಲ್ಲೇ ಹಳೆಯ ಸೀರೆಯ ತುಂಡಿತ್ತು. ಬಕೆಟ್ ಬೋರಲು ಹಾಕಿ, ಅದರ ಮೇಲೆ ಹತ್ತಿ, ಪಟ್ಟಿಗಳ ನಡುವೆ ಒಂದು ಬೆಳಕಿನ ಎಳೆಯೂ ಬಾರದಂತೆ ಆ ಬಟ್ಟೆಯನ್ನು ತುರುಕಿದೆ. ನಾನು ಮಾಡಿದ ಕೆಲಸ ಯಾವಾಗಲೂ ಅಚ್ಚುಕಟ್ಟು.

ನೀನು ಸ್ನಾನಕ್ಕೆ ಹೋಗಿ ಸ್ವಲ್ಪ ಹೊತ್ತಿಗೆ ತಂಬಿಗೆ ಬಿದ್ದ ಸದ್ದು ಕೇಳಿತು. ಕೂಗಿದೆ, ನೀನು ಓಗೊಡಲಿಲ್ಲ. ನೀರು ಮಾತ್ರ ಸುರಿಯುತ್ತಲೇ ಇತ್ತು. ಸಾವಂತ ಕಾಕುವನ್ನು ಕರೆದೆ. ಇಬ್ಬರೂ ಸೇರಿ ಬಾಗಿಲು ನೂಕಿ ಚಿಲಕ ಮುರಿದೆವು. ನೀನು ನೆಲದ ಮೇಲೆ, ಕೈಕಾಲು ಸೆಟೆದು ಅದುರುತ್ತಿದ್ದವು, ಬಾಯಲ್ಲಿ ನೊರೆ. ಒಳಗೆ ಕಾಲಿಟ್ಟ ಕೂಡಲೇ ನನ್ನ ತಲೆಯೂ ಭಾರವಾಯಿತು — ಅದೇ ಸಾಕ್ಷಿ, ಬೇರೆ ಏನು ಬೇಕಿತ್ತು? ನಿನ್ನನ್ನು ಎಳೆದು ಹೊರಗೆ ಹಾಕಿದೆವು. ಕಾಕು ಗಂಡಸರನ್ನು ಕರೆಯಲು ಓಡಿದಳು. ಅತ್ತೆ ನಿನ್ನ ಕಿವಿಯಲ್ಲಿ ಶಿವಶಿವ ಎನ್ನುತ್ತ ಕೂತಿದ್ದರು. ಆಗ ನಾನು ಮತ್ತೆ ಬಚ್ಚಲಿಗೆ ಹೋದೆ. ಗೀಜರು ಆರಿಸಿದೆ. ಕಿಟಕಿಯ ಬಟ್ಟೆ ಎಳೆದು ತೆಗೆದು, ಒಗೆಯುವ ಬಟ್ಟೆಗಳ ರಾಶಿಯಲ್ಲಿ ಸೇರಿಸಿ, ಪಟ್ಟಿಗಳನ್ನು ಪೂರ್ತಿ ತೆರೆದೆ. ಆರಿಸಿದ್ದು ಸರಿ. ಬಟ್ಟೆಯನ್ನು ಅಡಗಿಸಿದ್ದು ಏಕೆ? ನೀನು ಸತ್ತಿದ್ದೀಯೋ ಬದುಕಿದ್ದೀಯೋ ಇನ್ನೂ ಗೊತ್ತಿರಲಿಲ್ಲ — ಆಗಲೇ ನನ್ನ ಕೈಗೆ ನನ್ನ ಚಿಂತೆ ಹತ್ತಿತ್ತು.

ಆಸ್ಪತ್ರೆಯಲ್ಲಿ ನಿನ್ನ ಜೊತೆ ಇದ್ದವಳು ನಾನು. ಅತ್ತೆ ಕೂಸಿನ ಜೊತೆ ಮನೆಯಲ್ಲಿ. ಬಸವರಾಜ ಫೋರ್ಟಿನಿಂದ ಇನ್ನೂ ಬಂದಿರಲಿಲ್ಲ. ಡಾಕ್ಟರ್ ಚಿಕ್ಕ ವಯಸ್ಸಿನವನು, ಮುಖದ ಮೇಲೆ ನಿದ್ದೆಗೆಟ್ಟ ಕಳೆ. ಹಿಂದಿಯಲ್ಲಿ ಕೇಳಿದ.

"ಬಾಥ್‌ರೂಮ್ ಮೇ ಗ್ಯಾಸ್ ಗೀಜರ್ ಹೈ?"

"ಹೈ."

"ಖಿಡಕೀ ಖುಲೀ ಥೀ?"

ಕಿಟಕಿ ತೆರೆದಿತ್ತೆ — ಇಷ್ಟೇ ಅವನು ಕೇಳಿದ್ದು. ಸರಿಯಾದ ಜಾಗಕ್ಕೆ ಬಂದು ನಿಂತಿದ್ದ, ನಾನು ಒಂದು ಹೆಜ್ಜೆ ಬಿಟ್ಟುಕೊಟ್ಟಿದ್ದರೆ ಸಾಕಿತ್ತು.

"ಖುಲೀ ಥೀ."

ಅವನು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದ. ಮೊದಲು ಯಾವಾಗಲಾದರೂ ಹೀಗೆ ಫಿಟ್ಸ್ ಬಂದಿತ್ತೆ, ಚಿಕ್ಕಂದಿನಲ್ಲಿ? ಇಲ್ಲ ಎನ್ನಬಹುದಿತ್ತು, ಗೊತ್ತಿಲ್ಲ ಎಂದು ಸುಮ್ಮನಾಗಬಹುದಿತ್ತು. ನಾನು, "ಮಾಯಕೇ ಕೀ ಬಾತ್ ಹೈ ಡಾಕ್ಟರ್ ಸಾಬ್, ಹಮೇ ಕೌನ್ ಬತಾಯೇಗಾ" ಎಂದೆ. ತವರಿನ ಗುಟ್ಟು, ನಮಗೆ ಯಾರು ಹೇಳುತ್ತಾರೆ! ಒಂದು ಸುಳ್ಳು ಭಯಕ್ಕೆ ಹೇಳಿದ್ದು ಎನ್ನೋಣ. ಈ ಎರಡನೆಯದು? ಅದನ್ನು ಯಾರೂ ನನ್ನ ಬಾಯಿಂದ ಎಳೆದಿರಲಿಲ್ಲ.

ಮೂರ್ಛೆರೋಗ ಎಂದು ಮಾತ್ರೆ ಬರೆದುಕೊಟ್ಟರು. ನೀನು ಮನೆಗೆ ಬಂದೆ. ಬರುವುದರೊಳಗೆ ಅತ್ತೆ ತೊಟ್ಟಿಲನ್ನು ತಮ್ಮ ಕೋಣೆಗೆ ಒಯ್ದಿದ್ದರು. ಮಾತ್ರೆಯ ಹಾಲು ಕೂಸಿಗೆ ಆಗದು ಎಂದರು, ಎತ್ತಿಕೊಂಡಾಗ ಫಿಟ್ಸ್ ಬಂದರೆ ಎಂದರು. ನೀನು ಗೋಡೆಯ ಈಚೆ ಸೆರಗು ಒದ್ದೆ ಮಾಡಿಕೊಂಡು ಕೂತಿರುತ್ತಿದ್ದೆ. ಆಚೆ ಕೂಸು ಅಳುತ್ತಿತ್ತು. ಬಾಟಲಿ ಹಿಡಿದು ಕೂತವಳು ನಾನು.

ಮರುವಾರ ಅತ್ತೆ ಗುಡಿಗೆ ಹೋದಾಗ ಮೈಬೂಬನನ್ನು ಕರೆಸಿದೆ. ಈ ಸಲ ಅವನು ಬಚ್ಚಲಲ್ಲೇ ಬಿಚ್ಚಿದ. ಬ್ರಷ್ಷಿನಿಂದ ಕೆರೆದಾಗ ಹಾಸಿದ ಪೇಪರಿನ ಮೇಲೆ ಬೊಗಸೆ ತುಂಬ ಮಸಿ ಬಿತ್ತು. "ಇಷ್ಟು ದಿನ ಇದರ ಮ್ಯಾಲೇ ನಡಿಸೀರಿ? ಎಲ್ಲಾರೂ ಆರಾಮ್ ಅದಾರಲ್ರಿ?" ಎಂದ. "ಆರಾಮ ಅದಾರ" ಎಂದೆ. ಆ ಪೇಪರನ್ನು ಮಡಚಿ, ಕಸದ ಬುಟ್ಟಿಗೂ ಹಾಕದೆ, ಕೆಳಗೆ ಇಳಿದು ರಸ್ತೆಯ ತೊಟ್ಟಿಗೆ ಹಾಕಿ ಬಂದೆ.

ಉರಿ ನೀಲಿಯಾಯಿತು. ಕಿಟಕಿಯನ್ನು ಮತ್ತೆ ನಾನು ಮುಚ್ಚಗೊಡಲಿಲ್ಲ. ನಿನಗೆ ಮತ್ತೆ ಏನೂ ಆಗಲಿಲ್ಲ. ಆಗ ಮನೆಯವರೆಲ್ಲ ಏನೆಂದರು ಗೊತ್ತೇ? — ಮಾತ್ರೆ ಹಿಡಿಯಿತು! ಮಾತ್ರೆ ಹಿಡಿದ ಮೇಲೆ ರೋಗ ಇದ್ದದ್ದು ಖರೆ ಆಯಿತಲ್ಲ. ಗೀಜರು ಸ್ವಚ್ಛ ಮಾಡಿಸಿ ನಿನ್ನ ರೋಗಕ್ಕೆ ಮುದ್ರೆ ಒತ್ತಿದವಳೂ ನಾನೇ ಆದೆ.

ನಿನ್ನಪ್ಪ ಬಂದರು. ರೋಗ ಮುಚ್ಚಿಟ್ಟು ಹೆಣ್ಣು ಕೊಟ್ಟಿರಿ ಎಂದು ಅತ್ತೆ ನಡುಮನೆಯಲ್ಲಿ ನಿಂತು ಅಂದರು, ಬಸವರಾಜ ತಲೆ ತಗ್ಗಿಸಿ ಕೂತಿದ್ದ. ನಿನ್ನಪ್ಪ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಕೂಡಲಸಂಗಮನಾಣಿ ಮಾಡಿ ಹೇಳ್ತೇನ್ರಿ. ನನ್ನ ಮಗಳಿಗೆ ಹುಟ್ಟಿದಾಗಿಂದ ಜ್ವರ ಬಿಟ್ರ ಏನೂ ಬಂದಿಲ್ರಿ ಬೀಗತಿ." ಅತ್ತೆ ಮುಖ ತಿರುಗಿಸಿದರು. ಆ ಮನುಷ್ಯ ಒಬ್ಬೊಬ್ಬರ ಮುಖವನ್ನೂ ನೋಡಿದರು, ಕೊನೆಗೆ ನನ್ನ ಮುಖವನ್ನು ನೋಡಿದರು. ನಾನು ಚಹಾ ಕೊಟ್ಟೆ. ಅವರು ಕುಡಿಯಲಿಲ್ಲ. ಈಗ ಅವರಿಲ್ಲ, ಸುಳ್ಳುಗಾರನೆಂಬ ಹೆಸರು ಹೊತ್ತೇ ಹೋದರು. ಆಣೆ ಮಾಡಿದವರು ಸುಳ್ಳುಗಾರರಾದರು, ಚಹಾ ಕೊಟ್ಟವಳು ಮರ್ಯಾದಸ್ತೆಯಾದಳು.

ಕೆಲವು ದಿನ ತವರಿನಲ್ಲಿರಲಿ, ಆರಾಮಾದ ಮೇಲೆ ಬಂದು ಕೂಸನ್ನು ಒಯ್ಯಲಿ ಎಂದು ಹೇಳಿ ನಿನ್ನನ್ನು ಕಳಿಸಿದರು. ಬಾಗಿಲಲ್ಲಿ ನೀನು ನನ್ನ ಕಡೆ ಕೈ ಚಾಚಿದೆ. ಕೂಸು ನನ್ನ ಹೆಗಲ ಮೇಲಿತ್ತು.

"ಒಂದ ಸಲ ಕೊಡ್ರಿ ಅಕ್ಕಾ."

"ಬ್ಯಾಡವಾ. ನಿಂತಲ್ಲೇ ಫಿಟ್ಸ್ ಬಂದು ಕೆಡವಿದ್ರ?"

ಯಾವ ರೋಗವೂ ಇಲ್ಲವೆಂದು ಆ ಮನೆಯಲ್ಲಿ ಗೊತ್ತಿದ್ದವಳು ಒಬ್ಬಳೇ. ಅವಳ ಬಾಯಿಂದಲೇ ಬಂದ ಮಾತು ಇದು. ನೀನು ಚಾಚಿದ ಕೈಯಿಂದಲೇ ಕಣ್ಣು ಒರೆಸಿಕೊಂಡು ಮೆಟ್ಟಿಲಿಳಿದೆ.

ಮುಂದಿನದು ನಿನಗೆ ಗೊತ್ತು. ಹಿರಿಯರು ಕೂತರು, ವಿಚ್ಛೇದನದ ಸೋಡಪತ್ರವಾಯಿತು. ಬಸವರಾಜ ಇನ್ನೊಂದು ಮದುವೆಯಾಗಿ ಡೊಂಬಿವ್ಲಿಗೆ ಹೋದ. ಬಂದವಳಿಗೆ ಕೂಸು ಬೇಡವಾಗಿತ್ತು. ನನಗೆ ಇದ್ದದ್ದು ಒಬ್ಬ ಮಗ, ಮಗಳಿರಲಿಲ್ಲ. ನಿನ್ನ ಪ್ರಾಚಿ ನನ್ನ ಮಗಳಾದಳು. ಮೊದಲ ಮಾತು "ಅವ್ವ" ಎಂದು ಆಡಿದ್ದು ನನಗೇ.

ಇಲ್ಲಿ ಇನ್ನೊಂದು ಮಾತು ಹೇಳಬೇಕು, ಇದು ಕಿಟಕಿಗಿಂತ ದೊಡ್ಡದು. ಮೊದಲ ವರ್ಷ ನಾನು ಭಯಕ್ಕೆ ಬಾಯಿ ಮುಚ್ಚಿದ್ದೆ. ಆಮೇಲೆ ಭಯ ಹೋಯಿತು. ಅತ್ತೆ ತೀರಿಕೊಂಡರು, ಕೇಳುವವರು ಯಾರೂ ಉಳಿಯಲಿಲ್ಲ. ಆಗಲೂ ಹೇಳಲಿಲ್ಲ. ಹೇಳಿದರೆ ಈ ಹುಡುಗಿ ನಿನ್ನ ಹತ್ತಿರ ಹೋಗುತ್ತಾಳಲ್ಲ — ಅದಕ್ಕೆ ಹೇಳಲಿಲ್ಲ. ಹೆದರಿಕೆಯಿಂದ ಮಾಡಿದ ಪಾಪವನ್ನು ಪ್ರೀತಿಯಿಂದ ಸಾಕಿದೆ ಎನ್ನಲೇ? ಬೇಡ, ಚಂದದ ಮಾತು ಬೇಡ. ನಿನ್ನ ಮಗಳನ್ನು ಕದ್ದೆ.

ಐದಾರು ವರ್ಷದ ಹಿಂದೆ ಜಮಖಂಡಿಯ ಮದುವೆಯೊಂದಕ್ಕೆ ನಾನು ಒಬ್ಬಳೇ ಬಂದದ್ದು ನೆನಪಿದೆಯೆ? ಪ್ರಾಚಿಗೆ ಪರೀಕ್ಷೆ ಎಂದು ನಿನಗೆ ಹೇಳಿದ್ದೆ. ಪರೀಕ್ಷೆ ಇರಲಿಲ್ಲ. ಹೆಂಗಸರೆಲ್ಲ ಹೋಳಿಗೆ ಬೇಯಿಸುತ್ತಿದ್ದರು, ನಿನ್ನನ್ನು ದೂರದಲ್ಲಿ ಕೂರಿಸಿ ಹೂ ಕಟ್ಟಲು ಹಚ್ಚಿದ್ದರು — ಬೆಂಕಿಯ ಹತ್ತಿರ ಬರಬಾರದಂತೆ. ಯಾರದೋ ಕೂಸು ನಿನ್ನ ತೊಡೆ ಹತ್ತಿತು, ಅದರ ತಾಯಿ ಓಡಿಬಂದು ನಗುನಗುತ್ತಲೇ ಎತ್ತಿಕೊಂಡಳು. ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ಬಾಗಿಲಿಗೆ ಚಿಲಕ ಹಾಕಲಿಲ್ಲ. ನಿನ್ನ ತಮ್ಮನ ಮಗಳು ಹೊರಗೆ ಕಾವಲು ನಿಂತು, ನಡುನಡುವೆ "ಅತ್ತಿ, ಅದೀ ಏನ?" ಎಂದು ಕೇಳುತ್ತಿದ್ದಳು. ನೀನು ಒಳಗಿನಿಂದ "ಅದೇನವಾ" ಎನ್ನುತ್ತಿದ್ದೆ. ಇದ್ದೇನೆ, ಇದ್ದೇನೆ ಎಂದು ದಿನಾ ಸಾರಿ ಹೇಳಿಕೊಂಡು ಮೈ ತೊಳೆಯಬೇಕು! ನಾನು ಹೊರಗೆ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದೆ.

ನಾನು ಬಸ್ಸು ಹತ್ತುವಾಗ ನೀನು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. "ನನ್ನ ಕೂಸಿನ್ನ ಚಂದಂಗ ಬೆಳಸೀರಿ ಅಕ್ಕಾ. ನಿಮ್ಮ ಋಣಾ ನಾ ಹೆಂಗ ತೀರಸ್ಲಿ?" ಆ ದಿನವಾದರೂ ಹೇಳಬಹುದಿತ್ತು. ಬಸ್ಸು ಹೊರಟಿತು, ನಾನು ಕೈ ಬೀಸಿದೆ.

ಚಂದವಾಗಿಯೇ ಬೆಳೆಸಿದೆ, ಹೌದು. ಆದರೆ ಸುಳ್ಳಿಗೂ ದಿನಾ ತುತ್ತು ಹಾಕಬೇಕಲ್ಲ. ತಾಯಿಗೆ ಇದ್ದ ರೋಗ ಮಗಳಿಗೂ ಬಂದೀತು ಎಂದು ಮಂದಿ ಅನ್ನುವಾಗ, ಇಲ್ಲ ಎನ್ನಲು ನನಗೆ ಬಾಯಿರಲಿಲ್ಲ. ಈಜು ಕಲಿಯುತ್ತೇನೆ ಎಂದಳು, ಬೇಡ ಎಂದೆ. ಶಾಲೆಯವರು ಗುಡ್ಡದ ಗಡಕೋಟೆ ಹತ್ತಲು ಕರೆದೊಯ್ಯುತ್ತಾರೆ ಎಂದಳು, ಬೇಡ ಎಂದೆ. ಹುಡುಗಿ ತನ್ನ ಮೈಯನ್ನೇ ನಂಬದೆ ಬೆಳೆದಳು.

ಹೋದ ತಿಂಗಳು ಬೆಳಿಗ್ಗೆ ಏನೂ ತಿನ್ನದೆ ಆಫೀಸಿಗೆ ಹೊರಟವಳಿಗೆ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಕಣ್ಣು ಕತ್ತಲೆ ಬಂತು. ಯಾರೋ ಕುರ್ಲಾದಲ್ಲಿ ಇಳಿಸಿ ನೀರು ಕುಡಿಸಿದರು. ಹಸಿವಿಗೆ ಯಾರಿಗಾದರೂ ಬರುವಂಥದ್ದು. ಅವಳು ಮಾತ್ರ ಅಂದಿನಿಂದ ಮಂಕಾದಳು. ಜೊತೆಗೆ ಕೆಲಸ ಮಾಡುವ ಹುಡುಗನೊಬ್ಬನನ್ನು ಮೆಚ್ಚಿದ್ದಳು, ನನಗೂ ತೋರಿಸಿದ್ದಳು, ಒಳ್ಳೆಯವನು. ಅವನಿಗೆ ಬೇಡ ಎಂದುಬಿಟ್ಟಳಂತೆ — ತನ್ನ ರೋಗವನ್ನು ಇನ್ನೊಬ್ಬರ ಮನೆಗೆ ಒಯ್ಯುವುದಿಲ್ಲ ಎಂದು. ತಲೆಯ ಪರೀಕ್ಷೆಗೆ ತಾನೇ ಹೆಸರು ಬರೆಸಿ ಬಂದು ನನ್ನ ಎದುರು ಕೂತಳು.

"ಅವ್ವಾ, ಸಚ್ ಬೋಲ. ನನ್ನ ತಾಯಿಗೆ ಫಸ್ಟ್ ಟೈಮ್ ಫಿಟ್ಸ್ ಕಬ್ ಬಂತು? ಡಾಕ್ಟರ್ ಫ್ಯಾಮಿಲಿ ಹಿಸ್ಟರಿ ಕೇಳ್ತಾರೆ. ಶಾದಿಗೆ ಪೈಲಾ ಇತ್ತಾ?"

ಮದುವೆಗೆ ಮೊದಲೇ ಇತ್ತೆ — ಅದೇ ಪ್ರಶ್ನೆ. ಆ ಡಾಕ್ಟರನ ಪ್ರಶ್ನೆಯೇ ಇಷ್ಟು ವರ್ಷ ಸುತ್ತಾಡಿ, ನಿನ್ನ ಕಣ್ಣು ಮೂಗು ಹಚ್ಚಿಕೊಂಡು ನನ್ನ ಎದುರು ಬಂದು ಕೂತಿತ್ತು. ಈ ಸಲವೂ ಸುಳ್ಳು ನಾಲಗೆಯ ತುದಿಗೆ ಬಂತು, ನಾಚಿಕೆಯಿಲ್ಲದೆ ಬಂತು. ಹೇಗೆ ನುಂಗಿದೆನೋ ಗೊತ್ತಿಲ್ಲ. ನಿನಗೆ ಇಲ್ಲಿ ಬರೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಮೈಬೂಬ, ಸೀರೆಯ ತುಂಡು, ಡಾಕ್ಟರ್, ನಿನ್ನಪ್ಪನ ಆಣೆ.

ಅವಳು ಎದ್ದು ಬಚ್ಚಲಿಗೆ ಹೋದಳು. ಈಗ ಅಲ್ಲಿರುವುದು ಕರೆಂಟಿನ ಗೀಜರು. ಕಿಟಕಿ ಮಾತ್ರ ಅದೇ. ಅದರ ಪಟ್ಟಿಗಳನ್ನು ಮುಚ್ಚಿ ತೆರೆದು ನೋಡಿದಳು. ಹೊರಗೆ ಬಂದು ಒಂದೇ ಮಾತು ಕೇಳಿದಳು.

"ಹೋಗೋ ಟೈಮಿಗೆ ಅಕಿ ನನ್ನ ಎತಕೊಂಡಿದ್ದಳಾ?"

"ಇಲ್ಲ. ಕೇಳಿದಳು. ನಾನು ಕೊಡಲಿಲ್ಲ."

ರಾತ್ರಿ ಊಟಕ್ಕೆ ಕರೆದೆ. "ನೀವು ಹಾಕ್ಕೋರಿ ದೊಡ್ಡವ್ವಾ, ನನಗ ಭೂಕ್ ಇಲ್ಲ" ಎಂದಳು. ದೊಡ್ಡವ್ವ. ತಪ್ಪೇನೂ ಇಲ್ಲ, ಸಂಬಂಧದಲ್ಲಿ ನಾನು ಅವಳಿಗೆ ಅದೇ. ಅಂದಿನಿಂದ ಅವಳು ಹಾಗೆಯೇ ಕರೆಯುತ್ತ ಬಂದಿದ್ದಾಳೆ, ಬಹುವಚನ ಹಚ್ಚಿ, ನೆಂಟರ ಮನೆಗೆ ಬಂದ ಹುಡುಗಿಯ ಹಾಗೆ. ಆ ಹುಡುಗನಿಗೆ ಫೋನ್ ಮಾಡಿದ್ದು ಮಾತ್ರ ಗೋಡೆಯಾಚೆಯಿಂದ ಕೇಳಿತು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ಬರುವ ಭಾನುವಾರ ಅವಳು ನಿನ್ನ ಹತ್ತಿರ ಬರುತ್ತಾಳೆ. ಈ ಕಾಗದ ಅವಳ ಕೈಯಲ್ಲೇ ಇರುತ್ತದೆ. ನಾನೂ ಬರುತ್ತೇನೆ, ಆದರೆ ನಿನ್ನ ಹೊಸ್ತಿಲು ದಾಟುವುದಿಲ್ಲ. ನೀನು ಓದಿ ಮುಗಿಸುವ ತನಕ ಹೊರಗೆ ನಿಂತಿರುತ್ತೇನೆ. ಕರೆಯಬೇಕಾಗಿಲ್ಲ. ಬೈಯಬೇಕೆನಿಸಿದರೆ ಹೊರಗೆ ಬಾ, ಬೀದಿಯವರೆಲ್ಲ ಕೇಳಲಿ. ಕ್ಷಮಿಸು ಎಂದು ನಾನು ಬರೆಯುವುದಿಲ್ಲ — ಬರೆದರೆ ಅದೂ ನಿನ್ನಿಂದ ಇನ್ನೊಂದನ್ನು ಕೇಳಿದ ಹಾಗೆ.

ಇಷ್ಟು ವರ್ಷದಿಂದ ನುಂಗುತ್ತಿರುವ ಮಾತ್ರೆಗಳನ್ನು ನೀನಾಗಿ ನಿಲ್ಲಿಸಬೇಡ. ಅಲ್ಲಿಯ ಡಾಕ್ಟರರ ಹತ್ತಿರ ಹೋಗೋಣ. ನಡೆದದ್ದನ್ನು ಅವರ ಎದುರು ನಾನು ಹೇಳುತ್ತೇನೆ, ಅವರು ಹೇಗೆ ಬಿಡಿಸುತ್ತಾರೋ ಹಾಗೆ ಬಿಡು. ನಿನ್ನ ತಮ್ಮನ ಹೆಂಡತಿಗೆ ಈ ಕಾಗದ ತೋರಿಸಿ, ಒಲೆಯ ಮುಂದೆ ಕೂತು ನಿನ್ನ ಮಗಳಿಗೆ ನೀನೇ ಒಂದು ರೊಟ್ಟಿ ಮಾಡಿ ಹಾಕು.

ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಬಾಗಿಲಲ್ಲಿ ಕಾವಲು ನಿಂತವರನ್ನು ಕಳಿಸಿಬಿಡು, ರೇಣುಕಾ. ಒಳಗಿನಿಂದ ಚಿಲಕ ಹಾಕಿಕೋ.